ದೇವಳಾಲಿಯ ಗಣಿತ ಮೇಷ್ಟ್ರು ಕಾಪ್ರೇಕರ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಅವರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಕಂಪ್ಯೂಟರ್ ಬಗೆಗಿನ ಲೇಖನ. ನಾನು 2006ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಆದರೆ ನಾನು ಬರೆಯುತ್ತಿರುವುದು ಕಂಪ್ಯೂಟರ್ ಬಗ್ಗೆ ಅಲ್ಲ, ಹೈಸ್ಕೂಲಿನ ಒಬ್ಬ ಗಣಿತ ಮೇಷ್ಟ್ರ ಬಗ್ಗೆ. ಅವರು ನಮ್ಮೂರಿನವರಲ್ಲ, ನಮ್ಮ ರಾಜ್ಯದವರೂ ಅಲ್ಲ. ಅವರು ತೀರಿಕೊಂಡು ನಲವತ್ತು ವರ್ಷಗಳಾಗುತ್ತಾ ಬಂದಿವೆ. ಹೆಸರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ನಮ್ಮ ಶಾಲೆಯ ಬಾಗಿಲು ತೆರೆದ 1975ನೇ ಇಸವಿಯಲ್ಲೇ ಈ ಮೇಷ್ಟ್ರ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಆಗ ಅವರಿಗೆ ಎಪ್ಪತ್ತು ವರ್ಷ. ನಿವೃತ್ತರಾಗಿ ಹದಿಮೂರು ವರ್ಷ ಕಳೆದಿತ್ತು.

ಕಾಪ್ರೇಕರ್ ಹುಟ್ಟಿದ್ದು 1905ರ ಜನವರಿ 17ರಂದು, ಮುಂಬಯಿಗೆ ಉತ್ತರದಲ್ಲಿ ಕಡಲ ದಡದಲ್ಲಿರುವ ಡಹಾಣು ಎಂಬ ಊರಿನಲ್ಲಿ. ಎಂಟು ವರ್ಷದವರಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ತಂದೆ ಗುಮಾಸ್ತರು. ಅವರಿಗೆ ಜ್ಯೋತಿಷ್ಯದ ಹುಚ್ಚು. ಜ್ಯೋತಿಷ್ಯದಲ್ಲಿ ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಅದರಲ್ಲಿ ಕೂಡುವ, ಕಳೆಯುವ, ಭಾಗಿಸುವ ಕೆಲಸ ಬೇಕಾದಷ್ಟಿದೆ ಎಂಬುದನ್ನು ಪಂಚಾಂಗ ಬಿಡಿಸಿ ನೋಡಿದವರೆಲ್ಲ ಬಲ್ಲರು. ತಾಯಿಯಿಲ್ಲದ ಮಗನಿಗೆ ತಂದೆ ಕಲಿಸಿದ್ದು ಈ ಲೆಕ್ಕಾಚಾರ. ಗ್ರಹಗಳು ಮಗನ ತಲೆಗೆ ಹತ್ತಿದಂತೆ ಕಾಣುವುದಿಲ್ಲ, ಅಂಕಿಗಳು ಮಾತ್ರ ಹತ್ತಿದವು. ಠಾಣೆಯಲ್ಲಿ ಹೈಸ್ಕೂಲು ಓದಿ, ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಸೇರಿದರು. 1927ರಲ್ಲಿ ಅಲ್ಲಿ ಅವರಿಗೆ ರ್‍ಯಾಂಗ್ಲರ್ ಪರಾಂಜಪೆಯವರ ಹೆಸರಿನ ಗಣಿತ ಬಹುಮಾನ ಬಂತು. ವಿದ್ಯಾರ್ಥಿ ಸ್ವಂತವಾಗಿ ಏನಾದರೂ ಹೊಸದನ್ನು ಕಂಡುಹಿಡಿದಿದ್ದರೆ ಕೊಡುವ ಬಹುಮಾನ ಅದು. ಪರಾಂಜಪೆಯವರು 1899ರಲ್ಲಿ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಮೊದಲ ಭಾರತೀಯರು. ಹಾಗಾಗಿ ಆ ಹೆಸರಿನ ಬಹುಮಾನ ಸಣ್ಣದಲ್ಲ. 1929ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ಸಿಕ್ಕಿತು. ಅವರ ಓದು ಅಲ್ಲಿಗೇ ನಿಂತಿತು. ಎಂ.ಎಸ್ಸಿ. ಇಲ್ಲ, ಸಂಶೋಧನೆಗೆ ಗುರು ಇಲ್ಲ. 1930ರಲ್ಲಿ ನಾಸಿಕ್ ಪಕ್ಕದ ದೇವಳಾಲಿ ಎಂಬ ದಂಡಿನ ಊರಿಗೆ ಮೇಷ್ಟ್ರಾಗಿ ಹೋದರು. 1962ರಲ್ಲಿ ನಿವೃತ್ತರಾಗುವವರೆಗೂ ಅವರು ಮೇಷ್ಟ್ರೇ.

ಅವರ ಮೊದಲ ಆಟಗಳಲ್ಲಿ ಒಂದಕ್ಕೆ ಡೆಮ್ಲೊ ಸಂಖ್ಯೆ ಎಂದು ಹೆಸರು. ಯಾವುದೋ ಗ್ರೀಕ್ ಪದವಿರಬೇಕು ಎನಿಸುತ್ತದೆ, ಆದರೆ ಅದು ರೈಲ್ವೆ ಸ್ಟೇಷನ್ನಿನ ಹೆಸರು. ಮುಂಬಯಿಯಿಂದ ಸುಮಾರು ಮೂವತ್ತು ಮೈಲಿ ದೂರದ ಡೊಂಬಿವಲಿ ಸ್ಟೇಷನ್ನಿನಲ್ಲಿ ಈ ಸಂಖ್ಯೆಗಳು ಅವರಿಗೆ ಹೊಳೆದಿದ್ದವು. ಹಳೆಯ ಕಾಲದ ಉಚ್ಚಾರಣೆಯಲ್ಲಿ ಅದು ಡೆಮ್ಲೊ ಆಯಿತು. ಸ್ಲೇಟು ಹಿಡಿದ ಯಾವ ಮಗುವೂ ಇದನ್ನು ಮಾಡಿ ನೋಡಬಹುದು. 11ನ್ನು 11ರಿಂದ ಗುಣಿಸಿದರೆ 121. 111ನ್ನು 111ರಿಂದ ಗುಣಿಸಿದರೆ 12321. 1111ರ ವರ್ಗ 1234321. ಗೋಪುರದ ಮೆಟ್ಟಿಲಿನಂತೆ ಏರಿ ಇಳಿಯುವ ಈ ಸಾಲು ಒಂಬತ್ತು ಒಂದುಗಳವರೆಗೆ ಹೀಗೇ ನಡೆಯುತ್ತದೆ. ಅಲ್ಲಿ ಸಿಗುವುದು 12345678987654321. ಹತ್ತು ಒಂದುಗಳನ್ನು ಬರೆದ ಕೂಡಲೇ ಗೋಪುರ ಕುಸಿಯುತ್ತದೆ. ನಡುವಿನ ಸ್ಥಾನದಲ್ಲಿ ಹತ್ತು ಬರುತ್ತದೆ, ಅದು ಒಂದು ಅಂಕಿಯಲ್ಲಿ ಹಿಡಿಸುವುದಿಲ್ಲ, ದಶಕ ಪಕ್ಕದ ಮನೆಗೆ ಹೋಗುತ್ತದೆ.

ಇಲ್ಲಿಂದ ನನ್ನ ಕಸುಬಿನ ಮಾತು ಶುರುವಾಗುತ್ತದೆ. ನಾವು ಹತ್ತರ ಪದ್ಧತಿಯಲ್ಲಿ ಎಣಿಸುತ್ತೇವೆ, ಏಕೆಂದರೆ ನಮ್ಮ ಕೈಗಳಲ್ಲಿ ಹತ್ತು ಬೆರಳಿವೆ. ಒಂಬತ್ತಾದ ಮೇಲೆ ಹೊಸ ಅಂಕಿ ಇಲ್ಲ, 1 ಬರೆದು ಪಕ್ಕಕ್ಕೆ 0 ಹಾಕುತ್ತೇವೆ. ಕಂಪ್ಯೂಟರಿಗೆ ಬೆರಳಿಲ್ಲ, ಅದಕ್ಕೆ ಎರಡೇ ಅಂಕಿ, 0 ಮತ್ತು 1. ನಾವು ಪ್ರೋಗ್ರಾಂ ಬರೆಯುವವರು ಎಂಟರ ಪದ್ಧತಿ, ಹದಿನಾರರ ಪದ್ಧತಿಗಳನ್ನೂ ಬಳಸುತ್ತೇವೆ. ಊರಿನ ಹಿರಿಯರಿಗೆ ಹದಿನಾರರ ಲೆಕ್ಕ ಹೊಸದಲ್ಲ. 1957ರಲ್ಲಿ ನಯಾಪೈಸೆ ಬರುವವರೆಗೆ ರೂಪಾಯಿಗೆ ಹದಿನಾರಾಣೆಯೇ ಇತ್ತು. ಹದಿನೈದಾಣೆಗೆ ಒಂದಾಣೆ ಸೇರಿದರೆ ಆಣೆಯ ಮನೆ ಖಾಲಿಯಾಗಿ ರೂಪಾಯಿಯ ಮನೆಗೆ ಒಂದು ಹೋಗುತ್ತಿತ್ತು. ಸಂಖ್ಯೆ ಬೇರೆ, ಅದನ್ನು ಬರೆಯುವ ರೀತಿ ಬೇರೆ ಎಂಬುದು ಇದರಲ್ಲಿ ತಿಳಿಯಬೇಕಾದ ವಿಷಯ. ಬುಟ್ಟಿಯಲ್ಲಿರುವ ಹನ್ನೆರಡು ಮಾವಿನಹಣ್ಣು ಹನ್ನೆರಡೇ. ಹತ್ತರ ಪದ್ಧತಿಯಲ್ಲಿ ಅದನ್ನು 12 ಎಂದು ಬರೆಯುತ್ತೇವೆ. ಎಂಟರ ಪದ್ಧತಿಯಲ್ಲಿ 14 ಎಂದು ಬರೆಯಬೇಕು, ಅಂದರೆ ಒಂದು ಎಂಟು ಮತ್ತು ನಾಲ್ಕು ಬಿಡಿ. ಡೆಮ್ಲೊ ಗೋಪುರವೂ ಎಲ್ಲ ಪದ್ಧತಿಗಳಲ್ಲಿ ಏಳುತ್ತದೆ, ಆದರೆ ಅದರ ಎತ್ತರ ಬೇರೆ ಬೇರೆ. ಹತ್ತರಲ್ಲಿ ಒಂಬತ್ತು ಒಂದುಗಳವರೆಗೆ, ಹದಿನಾರರಲ್ಲಿ ಹದಿನೈದರವರೆಗೆ, ಮೂರರಲ್ಲಿ ಎರಡರವರೆಗೆ ಮಾತ್ರ. ಎರಡರ ಪದ್ಧತಿಯಲ್ಲಿ 11ರ ವರ್ಗವೇ 1001 ಆಗಿ ಗೋಪುರ ಮೊದಲ ಮೆಟ್ಟಿಲಲ್ಲೇ ಬೀಳುತ್ತದೆ.

ಕಾಪ್ರೇಕರ್ ಅವರನ್ನು ಜಗತ್ತು ನೆನಪಿಟ್ಟುಕೊಂಡಿರುವುದು 6174 ಎಂಬ ಸಂಖ್ಯೆಯಿಂದ. 1946ರಲ್ಲಿ ಕಂಡುಕೊಂಡರು, 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಹೇಳಿದರು, ಐವತ್ತರ ದಶಕದಲ್ಲಿ ಅಮೆರಿಕದ ಸ್ಕ್ರಿಪ್ಟಾ ಮ್ಯಾಥಮ್ಯಾಟಿಕಾ ಪತ್ರಿಕೆಯಲ್ಲಿ ಅಚ್ಚಾಯಿತು. ಆಟ ಇಷ್ಟೇ. ನಾಲ್ಕಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ ದೊಡ್ಡ ಸಂಖ್ಯೆ ಮಾಡಿ, ಏರಿಕೆಯಲ್ಲಿ ಜೋಡಿಸಿ ಸಣ್ಣ ಸಂಖ್ಯೆ ಮಾಡಿ, ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. ನಮ್ಮ ಶಾಲೆ ಆರಂಭವಾದ 1975ನ್ನೇ ತೆಗೆದುಕೊಳ್ಳೋಣ. 9751ರಲ್ಲಿ 1579 ಕಳೆದರೆ 8172. 8721ರಲ್ಲಿ 1278 ಕಳೆದರೆ 7443. 7443ರಲ್ಲಿ 3447 ಕಳೆದರೆ 3996. 9963ರಲ್ಲಿ 3699 ಕಳೆದರೆ 6264. 6642ರಲ್ಲಿ 2466 ಕಳೆದರೆ 4176. 7641ರಲ್ಲಿ 1467 ಕಳೆದರೆ 6174. ಇನ್ನು ಮುಂದೆ ಎಷ್ಟು ಸಲ ಕಳೆದರೂ ಅದೇ 7641, ಅದೇ 1467, ಅದೇ 6174. ಸುವರ್ಣ ಮಹೋತ್ಸವದ 2025ನ್ನು ತೆಗೆದುಕೊಂಡರೆ 4995, 5355, 1998, 8082, 8532, ಆಮೇಲೆ 6174. ಎರಡಕ್ಕೂ ಆರೇ ಹೆಜ್ಜೆ! ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಗಿಂತ ಹೆಚ್ಚು ಬೇಕಾಗುವುದಿಲ್ಲ. ನಡುವೆ ಮೂರಂಕಿ ಬಂದರೆ ಮುಂದೆ ಸೊನ್ನೆ ಇಟ್ಟುಕೊಳ್ಳಬೇಕು, ಅಷ್ಟೇ ನಿಯಮ.

ಕೈಯಲ್ಲಿ ಕ್ಯಾಲ್ಕುಲೇಟರ್ ಕೂಡ ಇಲ್ಲದ ಕಾಲದಲ್ಲಿ ಒಬ್ಬ ಮೇಷ್ಟ್ರು ಕಾಗದದ ಮೇಲೆ ಕಳೆಯುತ್ತಾ ಕಳೆಯುತ್ತಾ ಇದನ್ನು ಕಂಡರು. ಇವತ್ತು ನನ್ನ ಲ್ಯಾಪ್‌ಟಾಪ್ ನಾಲ್ಕಂಕಿಯ ಎಲ್ಲ ಸಂಖ್ಯೆಗಳನ್ನೂ ಕಣ್ಣು ಮಿಟುಕಿಸುವುದರೊಳಗೆ ಪರೀಕ್ಷಿಸುತ್ತದೆ. ಆದರೆ ಪರೀಕ್ಷಿಸಬೇಕು ಎಂಬ ಯೋಚನೆ ಅದಕ್ಕೆ ಬರುವುದಿಲ್ಲ.

ಹಾಗಾದರೆ ಇದು ಏಕೆ ಹೀಗೆ? ನಾಲ್ಕಂಕಿಯದು ಸ್ವಲ್ಪ ಉದ್ದ. ಮೂರಂಕಿಯದನ್ನು ಎಂಟನೇ ತರಗತಿಯ ಮಕ್ಕಳಿಗೂ ಹೇಳಬಹುದು. ಮೂರಂಕಿಯ ಸಂಖ್ಯೆಗೆ ಇದೇ ಆಟ ಆಡಿದರೆ ಎಲ್ಲವೂ 495ಕ್ಕೆ ಬಂದು ನಿಲ್ಲುತ್ತವೆ. ದೊಡ್ಡ ಜೋಡಣೆಯಲ್ಲಿ ಸಣ್ಣ ಜೋಡಣೆಯನ್ನು ಕಳೆದಾಗ ನಡುವಿನ ಅಂಕಿ ಎರಡರಲ್ಲೂ ಹತ್ತರ ಸ್ಥಾನದಲ್ಲೇ ಇರುವುದರಿಂದ ಅದು ಹೊಡೆದುಹೋಗುತ್ತದೆ. ದೊಡ್ಡ ಅಂಕಿ ನೂರರ ಸ್ಥಾನದಲ್ಲಿ ಕೂಡಿ ಬಿಡಿಯ ಸ್ಥಾನದಲ್ಲಿ ಕಳೆಯುತ್ತದೆ, ಸಣ್ಣ ಅಂಕಿಯದು ಅದರ ಉಲ್ಟಾ. ಹಾಗಾಗಿ ಉತ್ತರ ಯಾವಾಗಲೂ ದೊಡ್ಡ ಅಂಕಿ ಮತ್ತು ಸಣ್ಣ ಅಂಕಿಯ ವ್ಯತ್ಯಾಸದ 99 ಪಟ್ಟು. 99ರ ಮಗ್ಗಿ ಬರೆಯಿರಿ. 099, 198, 297, 396, 495, 594, 693, 792, 891. ಎಲ್ಲದರಲ್ಲೂ ನಡುವೆ 9, ತುದಿಯ ಎರಡು ಅಂಕಿ ಕೂಡಿದರೂ 9. ಮುಂದಿನ ಸುತ್ತಿನಲ್ಲಿ ದೊಡ್ಡ ಅಂಕಿ 9, ಸಣ್ಣ ಅಂಕಿ ತುದಿಗಳಲ್ಲಿ ಸಣ್ಣದು. ತುದಿಗಳೆರಡೂ ಕೂಡಿ 9 ಆಗುವುದರಿಂದ ಇವುಗಳ ವ್ಯತ್ಯಾಸ ಎಂದರೆ ತುದಿಗಳಲ್ಲಿ ದೊಡ್ಡದು. 891 ಬಂದರೆ ದೊಡ್ಡ ತುದಿ 8, ಎಂಟು 99 ಅಂದರೆ 792. ಅದರ ದೊಡ್ಡ ತುದಿ 7, ಮುಂದೆ 693. ಆಮೇಲೆ 594. ಆಮೇಲೆ 495. ಅದರ ದೊಡ್ಡ ತುದಿ 5, ಐದು 99 ಮತ್ತೆ 495. ಇನ್ನು ಇಳಿಯಲು ಮೆಟ್ಟಿಲಿಲ್ಲ.

ಈಗ ಎಂಟರ ಪದ್ಧತಿಗೆ ಹೋಗೋಣ. ಅಲ್ಲಿ 9ರ ಜಾಗದಲ್ಲಿ 7, 99ರ ಜಾಗದಲ್ಲಿ 77. ಮಗ್ಗಿ 077, 176, 275, 374 ಎಂದು ಸಾಗುತ್ತದೆ. ಅಲ್ಲಿ ಎಲ್ಲರೂ ಬಂದು ಸೇರುವ ಮನೆ 374. ಹದಿನಾರರ ಪದ್ಧತಿಯಲ್ಲಿ ಹತ್ತರಿಂದ ಹದಿನೈದರವರೆಗಿನ ಅಂಕಿಗಳಿಗೆ ಅಕ್ಷರ ಬಳಸುತ್ತೇವೆ, ಹದಿನೈದನ್ನು ಎಫ್ ಎನ್ನುತ್ತೇವೆ. ಅಲ್ಲಿಯ ಮನೆ 7ಎಫ್8. ಸಮಸಂಖ್ಯೆಯ ಪದ್ಧತಿ ಯಾವುದಾದರೂ ಸರಿ, ಮೂರಂಕಿಗೆ ಹೀಗೆ ಒಂದೇ ಮನೆ ಇರುತ್ತದೆ. ಬೆಸಸಂಖ್ಯೆಯ ಪದ್ಧತಿಯಲ್ಲಿ ಮಾತ್ರ ತಮಾಷೆ. ಐದರ ಪದ್ಧತಿಯ ಮಗ್ಗಿ 044, 143, 242, 341. ಇದರಲ್ಲಿ 242ರ ದೊಡ್ಡ ತುದಿ 2, ಅದು 143ಕ್ಕೆ ಕಳಿಸುತ್ತದೆ. 143ರ ದೊಡ್ಡ ತುದಿ 3, ಅದು ವಾಪಸ್ 242ಕ್ಕೆ ಕಳಿಸುತ್ತದೆ. ಕೊನೆಯಿಲ್ಲದೆ ಹೋಗಿ ಬರುವುದೇ ಆಯಿತು, ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುವ ಅರ್ಜಿಯ ಹಾಗೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ಕಾಪ್ರೇಕರ್ ಅವರ ಬದುಕಿನ ದೊಡ್ಡ ನೋವು ಈ ಪದ್ಧತಿಯ ಪ್ರಶ್ನೆಯ ಮೇಲೇ ನಿಂತಿತ್ತು. ನಮ್ಮ ದೇಶದ ಗಣಿತಜ್ಞರಲ್ಲಿ ಬಹಳ ಮಂದಿ ಅವರನ್ನು ನೋಡಿ ನಕ್ಕರು. ಅವರ ಶೋಧಗಳು ಕ್ಷುಲ್ಲಕ, ಮಕ್ಕಳಾಟ ಎಂದುಕೊಂಡರು. ಒಳ್ಳೆಯ ಪತ್ರಿಕೆಗಳಲ್ಲಿ ಅವರಿಗೆ ಜಾಗ ಸುಲಭವಾಗಿ ಸಿಗಲಿಲ್ಲ. ನಕ್ಕವರ ಬಳಿಯೂ ಒಂದು ವಾದವಿತ್ತು, ಅದನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದು ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗುವುದಿಲ್ಲ. ಹದಿಮೂರು ಕಲ್ಲುಗಳನ್ನು ಯಾವ ರೀತಿಯಲ್ಲೂ ಸಮನಾದ ಸಾಲುಗಳಾಗಿ ಜೋಡಿಸಲು ಆಗದು, ಅದು ಕಲ್ಲುಗಳ ಗುಣ. ಆದರೆ ಅಂಕಿಗಳನ್ನು ಹಿಂದುಮುಂದು ಮಾಡಿ ಕಳೆಯುವ ಆಟ, ನಾವು ಬರೆದುಕೊಂಡ ಗುರುತುಗಳ ಗುಣ. ನಮಗೆ ಎಂಟು ಬೆರಳಿದ್ದಿದ್ದರೆ 6174 ಎಂಬುದು ಯಾರಿಗೂ ಬೇಕಿಲ್ಲದ ಸಂಖ್ಯೆಯಾಗುತ್ತಿತ್ತು. ಇದು ಅವರ ವಾದ.

ಈ ವಾದವನ್ನು ಎಲ್ಲರಿಗಿಂತ ಖಡಾಖಂಡಿತವಾಗಿ ಮುಂದಿಟ್ಟವರು ಕೇಂಬ್ರಿಡ್ಜ್‌ನ ಪ್ರೊಫೆಸರ್ ಹಾರ್ಡಿ, ನಮ್ಮ ರಾಮಾನುಜನ್ ಅವರನ್ನು ಇಂಗ್ಲೆಂಡಿಗೆ ಕರೆಸಿಕೊಂಡ ಅದೇ ಹಾರ್ಡಿ. 1940ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಇಂಥ ಅಂಕಿ ಚಮತ್ಕಾರಗಳು ಪತ್ರಿಕೆಯ ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಅವುಗಳಲ್ಲಿ ಏನೂ ಇಲ್ಲ ಎಂಬ ಅರ್ಥದಲ್ಲಿ ಬರೆದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು 9801. ಅದನ್ನು ತಿರುಗಿಸಿದರೆ 1089, ಅದರ ಒಂಬತ್ತು ಪಟ್ಟು 9801. ಕಾಪ್ರೇಕರ್ ಅವರನ್ನು ಉದ್ದೇಶಿಸಿ ಹಾರ್ಡಿ ಬರೆದದ್ದಲ್ಲ. ಆದರೂ ಒಂದು ಕಾಕತಾಳೀಯವಿದೆ. ಇವತ್ತು ಕಾಪ್ರೇಕರ್ ಸಂಖ್ಯೆ ಎಂದು ಕರೆಯುವ ಗುಂಪೊಂದಿದೆ. ಒಂದು ಸಂಖ್ಯೆಯ ವರ್ಗ ಮಾಡಿ, ಆ ವರ್ಗವನ್ನು ಎರಡು ತುಂಡು ಮಾಡಿ ಕೂಡಿದರೆ ಮೊದಲಿನ ಸಂಖ್ಯೆಯೇ ಬರಬೇಕು. 45ರ ವರ್ಗ 2025. 20 ಮತ್ತು 25 ಕೂಡಿದರೆ 45. ನಮ್ಮ ಸುವರ್ಣ ಮಹೋತ್ಸವ ಎಂಥ ವರ್ಷದಲ್ಲಿ ಬಂದಿದೆ ನೋಡಿ! 297ರ ವರ್ಗ 88209, ಅದರಲ್ಲಿ 88 ಮತ್ತು 209 ಕೂಡಿದರೆ 297. ಹಾಗೆಯೇ 99ರ ವರ್ಗ 9801, ಅದರಲ್ಲಿ 98 ಮತ್ತು 01 ಕೂಡಿದರೆ 99. ಹಾರ್ಡಿ ಬೇಡವೆಂದು ಬದಿಗಿಟ್ಟ ಸಂಖ್ಯೆಯೇ ಇಲ್ಲಿ ಕೂತಿದೆ.

ಹಾರ್ಡಿಯವರಷ್ಟು ದೊಡ್ಡವರ ಎದುರು ಮಾತಾಡಲು ನಾನು ಯಾರೂ ಅಲ್ಲ. ಆದರೂ ಈ ಲೇಖನ ಬರೆಯುವಾಗ ಒಂದು ಸಣ್ಣ ಲೆಕ್ಕ ಮಾಡಿದೆ. 9801ರ ಗುಣ ನಿಜವಾಗಿ ಹತ್ತು ಬೆರಳಿಗೆ ಕಟ್ಟುಬಿದ್ದಿದೆಯೇ? ಎಂಟರ ಪದ್ಧತಿಯಲ್ಲಿ 9ರ ಬದಲು 7, 8ರ ಬದಲು 6 ಇಟ್ಟರೆ 7601 ಆಗುತ್ತದೆ. ಎಂಟರ ಪದ್ಧತಿಯಲ್ಲೇ ಓದಬೇಕು, ನಮ್ಮ ಲೆಕ್ಕದಲ್ಲಿ ಅದು 3969. ತಿರುಗಿಸಿದರೆ 1067, ನಮ್ಮ ಲೆಕ್ಕದಲ್ಲಿ 567. 567ರ ಏಳು ಪಟ್ಟು ಸರಿಯಾಗಿ 3969. ಅಷ್ಟೇ ಅಲ್ಲ, 3969 ಎಂದರೆ 63ರ ವರ್ಗ, ಎಂಟರ ಪದ್ಧತಿಯಲ್ಲಿ 63ನ್ನು 77 ಎಂದು ಬರೆಯುತ್ತಾರೆ, 76 ಮತ್ತು 01 ಕೂಡಿದರೆ 77. ಮೂರರ ಪದ್ಧತಿಯಲ್ಲೂ 2101 ಎಂಬುದು 1012ರ ಎರಡು ಪಟ್ಟು. ಅಂದರೆ ಗುಣ ಬೆರಳಿನದ್ದಲ್ಲ, ಸ್ಥಾನಬೆಲೆ ಎಂಬ ವ್ಯವಸ್ಥೆಯದ್ದೇ. ನನ್ನ ಮಟ್ಟಿಗೆ ನಕ್ಕವರ ವಾದ ಅರ್ಧ ಮಾತ್ರ ಸರಿ. ಒಂದೇ ಪದ್ಧತಿಯಲ್ಲಿ ನಿಂತು ಒಂದು ಅಂಕಿ ಚಮತ್ಕಾರ ನೋಡಿ ಚಪ್ಪಾಳೆ ತಟ್ಟಿದರೆ ಅದು ಜಾದೂ. ಬೇರೆ ಪದ್ಧತಿಗಳಲ್ಲಿ ಇದು ಏನಾಗುತ್ತದೆ, ಯಾವುದರಲ್ಲಿ ಉಳಿಯುತ್ತದೆ, ಯಾವುದರಲ್ಲಿ ಕೆಡುತ್ತದೆ ಎಂದು ಕೇಳಿದ ಕ್ಷಣ ಅದು ಗಣಿತ.

ಕಾಪ್ರೇಕರ್ ಮಾತ್ರ ಯಾರ ನಗುವಿಗೂ ಕೆಲಸ ನಿಲ್ಲಿಸಲಿಲ್ಲ. ಪತ್ರಿಕೆಗಳು ಹಾಕದಿದ್ದಾಗ ತಾವೇ ಚಿಕ್ಕ ಪುಸ್ತಕ ಅಚ್ಚು ಹಾಕಿಸಿದರು. ಪ್ರಕಾಶಕರ ಜಾಗದಲ್ಲಿ ಲೇಖಕರದ್ದೇ ಹೆಸರು, ವಿಳಾಸ ದೇವಳಾಲಿಯ ಖರೇಸ್ ವಾಡಾ. ಡೆಮ್ಲೊ ಸಂಖ್ಯೆಗಳ ಪುಸ್ತಕ 1948ರಲ್ಲಿ ಬಂತು. ಹೈಸ್ಕೂಲ್ ಮೇಷ್ಟ್ರ ಆ ಕಾಲದ ಸಂಬಳದಲ್ಲಿ ಪುಸ್ತಕ ಅಚ್ಚು ಹಾಕಿಸುವುದೆಂದರೆ ಏನೆಂದು ನಮ್ಮ ಶಾಲೆಯ ನಿವೃತ್ತ ಶಿಕ್ಷಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪಾಠ ಮಾಡುವುದರಲ್ಲೂ ಅವರಿಗೆ ಹೆಸರಿತ್ತು. ಬೇರೆ ಶಾಲೆ ಕಾಲೇಜುಗಳವರು ಕರೆಸಿ ಅವರಿಂದ ಅಂಕಿಗಳ ಆಟ ಹೇಳಿಸುತ್ತಿದ್ದರು. ಸಮ್ಮೇಳನದಲ್ಲಿ ಸಿಗದ ಕಿವಿ ಮಕ್ಕಳ ನಡುವೆ ಸಿಕ್ಕಿತು ಎಂದುಕೊಳ್ಳುತ್ತೇನೆ.

ಹೆಸರಿಡುವುದರಲ್ಲೂ ಅವರು ಹೃದಯವಂತರು. ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು. ಹರ್ಷ ಕೊಡುವಂಥದ್ದು ಎಂದು ಸಂಸ್ಕೃತದ ಅರ್ಥ, ನಮಗೂ ಕೂಡಲೇ ತಿಳಿಯುವ ಪದ. 18ರ ಅಂಕಿಗಳ ಮೊತ್ತ 9, ಅದರಿಂದ 18 ಭಾಗವಾಗುತ್ತದೆ. ರಾಮಾನುಜನ್ ಅವರ ಹೆಸರಿನೊಂದಿಗೆ ಸೇರಿಹೋಗಿರುವ 1729ರ ಅಂಕಿಗಳ ಮೊತ್ತ 19, ಅದರಿಂದ ಭಾಗಿಸಿದರೆ 91. 6174 ಕೂಡ ಹರ್ಷದವೇ, ಮೊತ್ತ 18, ಭಾಗಲಬ್ಧ 343, ಅದು 7ರ ಘನ. ಇದಕ್ಕೂ ಪದ್ಧತಿಯ ಪ್ರಶ್ನೆ ಕೇಳಿ. ಎಲ್ಲ ಪದ್ಧತಿಗಳಲ್ಲೂ ಹರ್ಷದವಾಗಿಯೇ ಉಳಿಯುವ ಸಂಖ್ಯೆಗಳು ಎಷ್ಟು? ನಾಲ್ಕೇ. 1, 2, 4 ಮತ್ತು 6. ನಮ್ಮ ಬುಟ್ಟಿಯ 12 ಮಾವಿನಹಣ್ಣು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು. ಎಂಟರ ಪದ್ಧತಿ ಒಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ಅದು ಹರ್ಷದ. ಎಂಟರಲ್ಲಿ ಮಾತ್ರ 14 ಎಂದು ಬರೆದು, ಮೊತ್ತ 5 ಆಗಿ, ಭಾಗವಾಗದೆ ಉಳಿಯುತ್ತದೆ.

ಇನ್ನೊಂದು ಗುಂಪಿಗೆ ತಮ್ಮ ಊರಿನ ಹೆಸರನ್ನೇ ಕೊಟ್ಟರು, ದೇವಳಾಲಿ ಸಂಖ್ಯೆ. ಸ್ವಯಂ ಸಂಖ್ಯೆ ಎಂದೂ ಕರೆಯುತ್ತಾರೆ. ಯಾವುದಾದರೂ ಸಂಖ್ಯೆಗೆ ಅದರ ಅಂಕಿಗಳ ಮೊತ್ತ ಕೂಡಿ. 23ಕ್ಕೆ 5 ಕೂಡಿದರೆ 28, ಅದಕ್ಕೆ 10 ಕೂಡಿದರೆ 38, ಆಮೇಲೆ 49, ಆಮೇಲೆ 62. ಹೀಗೆ 23 ಎಂಬುದು 28ರ ತಾಯಿ, 28 ಎಂಬುದು 38ರ ತಾಯಿ. 101ಕ್ಕೆ ಇಬ್ಬರು ತಾಯಂದಿರು, 91 ಮತ್ತು 100. ಆದರೆ 20ಕ್ಕೆ ತಾಯಿಯೇ ಇಲ್ಲ. ಒಂದರಿಂದ ಒಂಬತ್ತರವರೆಗಿನವು 18ರವರೆಗಿನ ಸಮಸಂಖ್ಯೆ ಕೊಡುತ್ತವೆ, 10ರಿಂದ 19ರವರೆಗಿನವು ಬೆಸಸಂಖ್ಯೆ ಮಾತ್ರ ಕೊಡುತ್ತವೆ, ನಡುವೆ 20 ಅನಾಥವಾಗಿ ಉಳಿಯುತ್ತದೆ. 31, 42, 53 ಕೂಡ ಹಾಗೆಯೇ. ತಾಯಿಯಿಲ್ಲದ ಈ ಸಂಖ್ಯೆಗಳೇ ದೇವಳಾಲಿ ಸಂಖ್ಯೆಗಳು. ಎಂಟು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವರು ಇವುಗಳ ಹಿಂದೆ ವರ್ಷಗಟ್ಟಲೆ ಬಿದ್ದರು ಎಂಬುದಕ್ಕೆ ನಾನು ಹೆಚ್ಚು ಅರ್ಥ ಹಚ್ಚಲು ಹೋಗುವುದಿಲ್ಲ. ತಾಯಿ ಎಂಬ ಮಾತು ಇಲ್ಲಿ ನನ್ನದು. 1963ರಲ್ಲಿ, ನಿವೃತ್ತಿಯ ಮರುವರ್ಷ, ಈ ಸಂಖ್ಯೆಗಳ ಮೇಲೆ ಒಂದು ಪುಸ್ತಕವನ್ನು ದೇವಳಾಲಿಯಿಂದಲೇ ಹೊರತಂದರು. ಬೆಸಸಂಖ್ಯೆಯ ಪದ್ಧತಿಯಲ್ಲಿ ಇವುಗಳ ಲೆಕ್ಕ ತೀರಾ ಸುಲಭ. ಅಲ್ಲಿ ಪ್ರತಿ ಸ್ಥಾನಬೆಲೆಯೂ ಬೆಸ, ಆದ್ದರಿಂದ ಸಂಖ್ಯೆ ಸಮವಾದರೆ ಅಂಕಿಗಳ ಮೊತ್ತವೂ ಸಮ, ಬೆಸವಾದರೆ ಮೊತ್ತವೂ ಬೆಸ, ಕೂಡಿದರೆ ಯಾವಾಗಲೂ ಸಮ. ಹಾಗಾಗಿ ಅಲ್ಲಿ ಎಲ್ಲ ಬೆಸಸಂಖ್ಯೆಗಳೂ ದೇವಳಾಲಿ ಸಂಖ್ಯೆಗಳೇ. ನಮ್ಮ ಹತ್ತರ ಪದ್ಧತಿಯಲ್ಲಿ ಅವು ಇಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ.

1966ರಲ್ಲಿ ಅವರ ಪತ್ನಿ ತೀರಿಕೊಂಡರು. ನಾಸಿಕ್‌ನಲ್ಲಿ ಬಹಳ ಅಗ್ಗದ ಒಂದು ಕೋಣೆಯಲ್ಲಿದ್ದರೂ ಪಿಂಚಣಿ ಸಾಲದೆ ಮಕ್ಕಳಿಗೆ ಗಣಿತ, ವಿಜ್ಞಾನದ ಮನೆಪಾಠ ಹೇಳಿ ದಿನ ದೂಡಿದರು. ಹೀಗಿರುವಾಗ 1975ರ ಮಾರ್ಚ್ ಬಂತು. ಅಮೆರಿಕದ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡ್ನರ್ ಎಂಬವರು ಗಣಿತದ ಆಟಗಳ ಅಂಕಣ ಬರೆಯುತ್ತಿದ್ದರು. ಲೋಕದ ಎಲ್ಲ ಕಡೆ ಓದುಗರಿದ್ದ ಅಂಕಣ ಅದು. ಆ ತಿಂಗಳು ಅವರು ಕಾಪ್ರೇಕರ್ ಬಗ್ಗೆ ಬರೆದರು. ಹಾರ್ಡಿ ಹೇಳಿದ್ದು ಒಂದು ರೀತಿಯಲ್ಲಿ ನಿಜವಾಯಿತು, ಇವು ಒಗಟಿನ ಅಂಕಣಕ್ಕೇ ಬಂದವು. ಆದರೆ ಅಲ್ಲಿಗೇ ನಿಲ್ಲಲಿಲ್ಲ.

1978ರಲ್ಲಿ ಜರ್ಮನಿಯ ಒಂದು ಗಣಿತ ಪತ್ರಿಕೆಯಲ್ಲಿ ಪ್ರಬಂಧವೊಂದು ಅಚ್ಚಾಯಿತು. 1826ರಲ್ಲಿ ಕ್ರೆಲ್ಲೆ ಎಂಬವರು ಶುರು ಮಾಡಿದ, ಗಣಿತಲೋಕದ ಅತ್ಯಂತ ಹಿರಿಯ ಪತ್ರಿಕೆಗಳಲ್ಲಿ ಒಂದು ಅದು. ಬರೆದವರಿಬ್ಬರು, ಪ್ರಿಚೆಟ್ ಮತ್ತು ಹೆಲ್ಮುಟ್ ಹಾಸೆ. ಇಪ್ಪತ್ತನೇ ಶತಮಾನದ ಸಂಖ್ಯಾಶಾಸ್ತ್ರದ ದಿಗ್ಗಜರಲ್ಲಿ ಹಾಸೆ ಒಬ್ಬರು, ಆಗ ಅವರಿಗೆ ಎಂಬತ್ತು ಹತ್ತಿರವಾಗಿತ್ತು. ವಿಷಯ, ನಾಲ್ಕಂಕಿಯ ಕಾಪ್ರೇಕರ್ ಆಟಕ್ಕೆ ಯಾವ ಯಾವ ಪದ್ಧತಿಗಳಲ್ಲಿ 6174ರಂಥ ಒಂದೇ ಮನೆ ಇದೆ ಎಂಬುದು. ಉತ್ತರ ಇದು: ಐದರ ಪದ್ಧತಿಯಲ್ಲಿದೆ, ಹತ್ತರಲ್ಲಿದೆ, ಆಮೇಲೆ ನಲವತ್ತರಲ್ಲಿ, ನೂರ ಅರವತ್ತರಲ್ಲಿ, ಹೀಗೆ ಪ್ರತಿ ಸಲ ನಾಲ್ಕು ಪಟ್ಟಾಗುತ್ತಾ ಹೋಗುತ್ತದೆ. ಐದರ ಪದ್ಧತಿಯ ಮನೆ 3032. ಅಲ್ಲಿ 3320ರಲ್ಲಿ 0233 ಕಳೆದರೆ ಮತ್ತೆ 3032, ಬೇಕಾದವರು ಐದರ ಲೆಕ್ಕದಲ್ಲಿ ಸಾಲ ತೆಗೆದುಕೊಂಡು ಕಳೆದು ನೋಡಬಹುದು. ಹದಿನೈದರ ಪದ್ಧತಿಯಲ್ಲಿ ತನ್ನಲ್ಲೇ ನಿಲ್ಲುವ ಸಂಖ್ಯೆಯೊಂದಿದೆ, ಅದರ ಅಂಕಿಗಳು 9, 2, 11, 6. ಆದರೆ ಎಲ್ಲರೂ ಅಲ್ಲಿಗೆ ಬರುವುದಿಲ್ಲ. ನಾನು ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ ಬರೆದು ಓಡಿಸಿದಾಗ, ಕೆಲವು ಸಂಖ್ಯೆಗಳು ನಾಲ್ಕು ಮನೆಗಳ ಒಂದು ಸುತ್ತಿನಲ್ಲಿ ಸಿಕ್ಕಿಕೊಂಡು ತಿರುಗುತ್ತಲೇ ಇದ್ದವು. ಎಂಟರಲ್ಲೂ ಇಲ್ಲ, ಹನ್ನೆರಡರಲ್ಲೂ ಇಲ್ಲ, ನನ್ನ ಕಸುಬಿನ ಹದಿನಾರರಲ್ಲೂ ಇಲ್ಲ. ಲೆಕ್ಕವಿಲ್ಲದಷ್ಟು ಪದ್ಧತಿಗಳಲ್ಲಿ ಇಂಥವು ಬಹಳ ವಿರಳ, ಅವುಗಳಲ್ಲಿ ಒಂದು ನಮ್ಮ ಹತ್ತು ಬೆರಳಿನದು.

ಹಾಸೆ ಮರುವರ್ಷ ತೀರಿಕೊಂಡರು. ಕಾಪ್ರೇಕರ್ ಅವರ ಸಂಖ್ಯೆಗಳು ಅಷ್ಟರಲ್ಲಿ ಹಲವು ದೇಶಗಳ ಗಣಿತ ಪತ್ರಿಕೆಗಳಲ್ಲಿ, ಅವರ ಹೆಸರಿನಲ್ಲೇ ಓಡಾಡುತ್ತಿದ್ದವು. ಅವರು 1986ರಲ್ಲಿ ತೀರಿಕೊಂಡರು.